ಆ ಹಾವಿಗೆ ಎಲರುಣಿ ಎಂದು ಹೆಸರಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಮಾಯಾಲೋಕದ ಧಾರಾವಾಹಿಯನ್ನು ನಾಲ್ಕನೇ ತರಗತಿಯ ಮೊಮ್ಮಗಳಿಗೆ ಓದಿ ಹೇಳುವ ಕೆಲಸ ನಮ್ಮನೆಯಲ್ಲಿ ನನ್ನದು. ಕಥೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ತಕರಾರು ಹೆಸರುಗಳದ್ದು. ಖಳನ ಹೆಸರು ಝೈಥ್ರಾಕ್ಸ್. ಕನ್ನಡಕ ಒರೆಸಿಕೊಂಡು ಮೂರು ಸಲ ಪ್ರಯತ್ನಪಟ್ಟೆ. ನಾಲ್ಕನೆಯ ಸಲಕ್ಕೆ ಬಾಯಿ ತಾನಾಗಿ ‘ಜೈತ್ರಾಕ್ಷ’ ಅಂದುಬಿಟ್ಟಿತು. ಅಂದಿನಿಂದ ನಮ್ಮಲ್ಲಿ ಅವನು ಜೈತ್ರಾಕ್ಷನೇ. ಪತ್ರಿಕೆಯಲ್ಲಿ ತಪ್ಪು ಅಚ್ಚಾಗಿದೆ ಎಂದು ಮಗು ನಂಬಿದೆ.

ನಾನು ಮದ್ದೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ 22 ವರ್ಷ ಅಚ್ಚಿನ ಮೊಳೆ ಜೋಡಿಸಿದವಳು. ಆಮಂತ್ರಣ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಆಗೊಮ್ಮೆ ಈಗೊಮ್ಮೆ ಕಾಲೇಜಿನ ಪಠ್ಯ. ಹಾಗಾಗಿ ಹೆಸರು ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಬಾಲಕ್ಕೆ. ಕನ್ನಡದಲ್ಲಿ ಹೆಸರು ಒಂಟಿಯಾಗಿ ಇರುವುದೇ ಅಪರೂಪ. ಅನ್ನು, ಇಂದ, ಗೆ ಯಾವುದೋ ಒಂದು ಬಂದು ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ಸ್ವರವಿದ್ದರೆ ಸಲೀಸು. ನಮ್ಮ ಜನ ಬಸ್ಸನ್ನು ‘ಬಸ್ಸು’, ಬ್ಯಾಂಕನ್ನು ‘ಬ್ಯಾಂಕು’ ಮಾಡಿಕೊಂಡಿದ್ದು ಸುಮ್ಮನೆ ಅಲ್ಲ. ಝೈಥ್ರಾಕ್ಸನ ಗತಿ ನೋಡಿ: ಒಂದು ಕಂತಿನಲ್ಲಿ ‘ಝೈಥ್ರಾಕ್ಸನಿಗೆ’, ಇನ್ನೊಂದರಲ್ಲಿ ‘ಝೈಥ್ರಾಕ್ಸ್‌ಗೆ’, ಮೊನ್ನೆ ‘ಝೈಥ್ರಾಕ್ಸ್ನಿಗೆ’ ಎಂದು ಸಕಾರದ ಕೆಳಗೆ ನಕಾರ ನೇತಾಡುತ್ತಿತ್ತು. ಕರಡು ತಿದ್ದುವವರನ್ನು ನಾನು ಬೈಯಲಾರೆ. ಆ ಹೆಸರಿಗೆ ಹಿಡಿಯೇ ಇಲ್ಲ.

ಇನ್ನೊಂದು, ಕೂಗಿ ನೋಡುವುದು. ಗದ್ದೆ ಬದುವಿನ ಮೇಲೆ ನಿಂತು ಕರೆದರೆ ನಾವು ಕೊನೆಯ ಸ್ವರವನ್ನು ಎಳೆಯುತ್ತೇವೆ. ಝೈಥ್ರಾಕ್ಸ್‌ನಲ್ಲಿ ಎಳೆಯಲು ಏನಿದೆ, ಸೀನು ಬಂದಂತೆ ನಿಂತುಹೋಗುತ್ತದೆ. ‘ಕಾಳೀ’ ಎಂದು ಕೂಗಿ, ಊರಾಚೆಗೂ ಕೇಳುತ್ತದೆ.

ಕಾಳಿ ನಮ್ಮ ಸೀಮೆಯ ನಾಯಿ. ಸಾವಿರ ವರ್ಷಕ್ಕೂ ಹಳೆಯದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಕಡೆಯಿಂದ ಕಾದಾಡಿದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಈ ನಾಯಿಯನ್ನು! ಆಮೇಲೆ ಬೇಟೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾಳಿಯೂ ಸತ್ತಿತು, ಹಂದಿಯೂ ಸತ್ತಿತು. ಕ್ರಿ.ಶ. 950ರ ಸುಮಾರಿಗೆ ಆತಕೂರಿನಲ್ಲಿ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗ, ಮಣಲೇರ, ಕಾಳಿ: ಒಂದೇ ಕಲ್ಲಿನಲ್ಲಿ ಮೂರು ಹೆಸರು ಸಿಕ್ಕವು. ಬಾದಾಮಿಯ ಬಂಡೆಯ ಮೇಲೊಬ್ಬ ಕಪ್ಪೆ ಅರಭಟ್ಟ ಇದ್ದಾನೆ. ಹಲ್ಮಿಡಿ ಶಾಸನದಲ್ಲಿ ವಿಜ ಅರಸ. ಬೇಗೂರಿನ ಕಲ್ಲಿನಲ್ಲಿ ನಾಗತ್ತರ. ಯಾವ ಮಾಯಾಲೋಕದ ಬಾಗಿಲಲ್ಲಿ ನಿಲ್ಲಿಸಿದರೂ ಒಪ್ಪುವ ಗಂಡಸರು.

ಇಂಗ್ಲಿಷ್ ಕಥೆಗಳ ಪ್ರಭಾವ ಇದು ಎನ್ನುತ್ತಾನೆ ನನ್ನ ಮಗ. ಆದರೆ ಆ ಬಗೆಯ ಕಥೆಗಳ ಹಿರಿಯಜ್ಜ ಟೋಲ್ಕಿನ್ ತಮ್ಮ ಕುಳ್ಳರ ಹೆಸರುಗಳನ್ನು ಒಂದು ಪ್ರಾಚೀನ ನಾರ್ಸ್ ಕಾವ್ಯದ ಪಟ್ಟಿಯಿಂದ ಎತ್ತಿಕೊಂಡರಂತೆ, ಅವರ ಮಾಂತ್ರಿಕನ ಗ್ಯಾಂಡಾಲ್ಫ್ ಎಂಬ ಹೆಸರು ಕೂಡ ಅಲ್ಲಿಯದೇ ಎಂದು ಹೇಳಿದವನೂ ಅವನೇ. ಅವರು ತಮ್ಮ ಕಡೆಯ ಅಟ್ಟ ಹತ್ತಿ ಹುಡುಕಿದರು. ನಾವು ಅವರ ಅಟ್ಟದ ಕೆಳಗೆ ನಿಂತು ಬಿದ್ದಿದ್ದನ್ನು ಆಯುತ್ತಿದ್ದೇವೆ. ಹಾಗಂತ ನಮ್ಮ ಕಾಲದ ವಜ್ರಬಾಹು, ಅಗ್ನಿಕೇತುಗಳೇ ವಾಪಸು ಬರಲಿ ಎಂದು ಕೇಳುತ್ತಿಲ್ಲ. ಅವರ ಕಿರೀಟ ಸವೆದು ತಗಡಾಗಿದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ನನಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಡಿದ ಕೂಸೆಂಬಂತೆ ಎತ್ತಿಕೊಂಡು ಬಂದು, ತಿಪ್ಪಿ ಎಂದು ಕರೆದಳು. ಕಸಕ್ಕೆ ಯಮನೂ ಕೈ ಹಾಕನು ಎಂಬ ಲೆಕ್ಕಾಚಾರ. ಶಾಲೆಯಲ್ಲಿ ಬೇರೆ ಹೆಸರು ಬರೆಸಿದರು, ಮನೆಯಲ್ಲಿ ಇವತ್ತಿಗೂ ತಿಪ್ಪಿಯೇ. ಚಿಕ್ಕಂದಿನಲ್ಲಿ ನಾಚಿಕೆಯಾಗುತ್ತಿತ್ತು. ಈಗ 71 ತುಂಬಿದೆ, ಅಜ್ಜಿಯ ಉಪಾಯದ ಬಗ್ಗೆ ನಗಲು ಧೈರ್ಯ ಸಾಲದು. ನಿಮ್ಮ ಕಥೆಗಾರರು ಸಾವಿನ ಕಣ್ಣಿಗೆ ಬೀಳದ ರಾಜಕುಮಾರನಿಗೆ ‘ಇಮ್ಮಾರ್ಟಿಯಸ್’ ಎಂದು ಹೆಸರಿಟ್ಟಿದ್ದಾರೆ. ಅವನನ್ನು ತಿಪ್ಪ ಎಂದು ಕರೆದಿದ್ದರೆ ಯಾಕೆ ಸಾಯುವುದಿಲ್ಲ ಎಂದು ಅರ್ಧ ಪುಟ ವಿವರಿಸಬೇಕಿರಲಿಲ್ಲ.

ಕಡೆಗೆ ಒಂದು ಬೇಡಿಕೆ. ಹೋದ ವಾರದ ಕಂತು ಗುಹೆಯೊಳಗಿಂದ ರೆಕ್ಕೆಯ ಮಹಾಸರ್ಪ ತಲೆ ಹೊರಹಾಕುವಲ್ಲಿಗೆ ನಿಂತಿದೆ, ಅದರ ಹೆಸರು ಮುಂದಿನ ವಾರ ಎಂದಿದೆ. ಹಳಗನ್ನಡ ಪಠ್ಯವೊಂದರ ಕೊನೆಯ ಅರ್ಥಕೋಶಕ್ಕೆ ಮೊಳೆ ಜೋಡಿಸುವಾಗ ನನಗೆ ಸಿಕ್ಕ ಪದ: ಎಲರುಣಿ. ಎಲರ್ ಎಂದರೆ ಗಾಳಿ. ಗಾಳಿಯನ್ನು ಉಣ್ಣುವುದು ಎಲರುಣಿ, ಅಂದರೆ ಹಾವು. ಎಲರುಣಿಯನ್ನು, ಎಲರುಣಿಗೆ, ಎಲರುಣಿಯ: ಎಲ್ಲೂ ತೊಡಕಿಲ್ಲ. ಬೆಂಕಿ ಉಗುಳುವ ಪ್ರಾಣಿಗಳು ಸಾಕಷ್ಟು ಬಂದುಹೋಗಿವೆ.

ಮೊಮ್ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಗಾಳಿಯನ್ನೆಲ್ಲ ತಿಂದುಬಿಟ್ಟರೆ ಆಷಾಢದಲ್ಲಿ ಪಟ ಹಾರಿಸೋದು ಹೇಗೆ ಅಜ್ಜಿ?” ಎಂದಳು. ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಕಥೆಗಾರರು ಮುಂದಿನ ಭಾನುವಾರ ಬರೆದರೆ ಓದಿ ಹೇಳುತ್ತೇನೆ.

— ನಿವೃತ್ತ ಮೊಳೆ ಜೋಡಣೆಗಾರ್ತಿ, ಮದ್ದೂರು