ನೀಲಿ ಡಬ್ಬಿಗೆ ಏನು ಹಾಕಬೇಕು, ಏನು ಹಾಕಬಾರದು

ಕ್ಯಾಲಿಫೋರ್ನಿಯಾ

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನೀವು ಇಲ್ಲಿಗೆ ಬಂದ ಮೇಲೆ ಹಗಲು ಹೊತ್ತು ಮನೆ ನಿಮ್ಮ ಕೈಯಲ್ಲೇ ಇರುತ್ತದೆ. ಒಲೆ, ವಾಷಿಂಗ್ ಮೆಷಿನ್ ಎಲ್ಲ ಬೇಗ ರೂಢಿಯಾಗುತ್ತವೆ. ಕಸದ ವಿಷಯ ಮಾತ್ರ ಮೊದಲೇ ಬರೆದು ತಿಳಿಸೋಣ ಅನ್ನಿಸಿತು. ಊರಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ರೂಢಿಯಿರುವವರೇ ಇಲ್ಲಿ ಗೊಂದಲಕ್ಕೆ ಬೀಳುವುದು ಹೆಚ್ಚು. ಅಲ್ಲಿ ಒಣ ಕಸ ಅಂತ ಕೊಡುವುದರಲ್ಲಿ ಅರ್ಧದಷ್ಟು ಇಲ್ಲಿಯ ನೀಲಿ ಡಬ್ಬಿಗೆ ಸಲ್ಲುವುದಿಲ್ಲ.

ಮನೆಯ ಪಕ್ಕದಲ್ಲಿ ಚಕ್ರವಿರುವ ಮೂರು ದೊಡ್ಡ ಡಬ್ಬಿಗಳಿವೆ. ನೀಲಿ ಮರುಬಳಕೆಗೆ, ಹಸಿರು ಅಡುಗೆಮನೆ ಮತ್ತು ತೋಟದ ಕಸಕ್ಕೆ, ಕಪ್ಪು ಉಳಿದದ್ದಕ್ಕೆ. ಹಸಿರಿನದು ನಿಮಗೆ ಸುಲಭ: ತರಕಾರಿ ಸಿಪ್ಪೆ, ಉಳಿದ ಅನ್ನ, ಟೀ ಚರಟ, ಒಣ ಎಲೆ, ಕತ್ತರಿಸಿದ ಹುಲ್ಲು. ಅಡುಗೆಮನೆಯ ಕಸವನ್ನು ಬೇರೆಯಾಗಿ ಸಂಗ್ರಹಿಸಬೇಕೆಂಬ ರಾಜ್ಯದ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಇಂಥ ಕಸ ನೆಲಭರ್ತಿಯಲ್ಲಿ, ಅಂದರೆ ಕಸ ಹೂಳುವ ಜಾಗದಲ್ಲಿ, ಗಾಳಿಯಿಲ್ಲದೆ ಕೊಳೆತರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ ಎಂಬುದೇ ಅದಕ್ಕೆ ಕಾರಣ. ಅಮ್ಮ, ಹಣ್ಣಿನ ಮೇಲೆ ಅಂಟಿಸಿರುವ ಸಣ್ಣ ಸ್ಟಿಕ್ಕರ್ ಕಿತ್ತು ಕಪ್ಪು ಡಬ್ಬಿಗೆ ಹಾಕಿಬಿಡು. ಅದು ಪ್ಲಾಸ್ಟಿಕ್, ಗೊಬ್ಬರದಲ್ಲಿ ಕರಗದೆ ಹಾಗೇ ಉಳಿಯುತ್ತದೆ.

ತೊಡಕಿರುವುದು ನೀಲಿಯಲ್ಲಿ. ಅದರೊಳಗಿನದು ಎಲ್ಲಿಗೆ ಹೋಗುತ್ತದೆ ಅಂತ ತಿಳಿದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಕಾಗದ, ಬಾಟಲಿ, ತಗಡು ಎಲ್ಲವೂ ಒಂದೇ ಲಾರಿಯಲ್ಲಿ ವಿಂಗಡಣಾ ಘಟಕಕ್ಕೆ ಹೋಗುತ್ತವೆ. ಅಲ್ಲಿ ಸಾಗುವ ಬೆಲ್ಟಿನ ಪಕ್ಕದಲ್ಲಿ ನಿಂತ ಕೆಲಸಗಾರರು ಬರಬಾರದ್ದನ್ನು ಮೊದಲು ಕೈಯಿಂದ ಹೆಕ್ಕುತ್ತಾರೆ. ಆಮೇಲೆ ತಿರುಗುವ ಚಕ್ರಗಳ ಸಾಲು ಜರಡಿಯಂತೆ ಕೆಲಸ ಮಾಡುತ್ತದೆ: ರಟ್ಟು, ಕಾಗದದಂಥ ಚಪ್ಪಟೆ ವಸ್ತು ಮೇಲೇರಿ ಮುಂದಕ್ಕೆ ಹೋಗುತ್ತದೆ, ಬಾಟಲಿ ಡಬ್ಬಗಳು ಹಿಂದಕ್ಕೆ ಉರುಳುತ್ತವೆ, ಒಡೆದ ಗಾಜು ಸಂದಿಯಿಂದ ಕೆಳಗೆ ಬೀಳುತ್ತದೆ. ಕಬ್ಬಿಣದ ತಗಡನ್ನು ಅಯಸ್ಕಾಂತ ಎಳೆಯುತ್ತದೆ. ಅಲ್ಯೂಮಿನಿಯಂ ಅನ್ನು ಇನ್ನೊಂದು ಯಂತ್ರ ತಿರುಗುವ ಅಯಸ್ಕಾಂತ ಲೋಹದೊಳಗೆ ಹುಟ್ಟಿಸುವ ಸುಳಿ ವಿದ್ಯುತ್ತಿನಿಂದ ಆಚೆಗೆ ಚಿಮ್ಮಿಸುತ್ತದೆ. ಪ್ಲಾಸ್ಟಿಕ್ಕಿನ ಜಾತಿಯನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕಿನಿಂದ ಗುರುತಿಸಿ ಗಾಳಿಯ ಚಿಮ್ಮಿನಿಂದ ಬೇರೆ ಮಾಡುತ್ತಾರೆ.

ಈಗ ಪ್ಲಾಸ್ಟಿಕ್ ಕವರನ್ನು ಆ ಚಕ್ರಗಳ ನಡುವೆ ಊಹಿಸಿಕೊಳ್ಳಿ. ಅದು ದಂಡಕ್ಕೆ ಸುತ್ತಿಕೊಳ್ಳುತ್ತದೆ, ಒಂದರ ಮೇಲೊಂದು ಸೇರಿ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಆಗ ಇಡೀ ಘಟಕ ನಿಲ್ಲಿಸಿ, ಜನ ಒಳಗಿಳಿದು ಚಾಕುವಿನಿಂದ ಕತ್ತರಿಸಿ ತೆಗೆಯಬೇಕು. ಹಾಗಾಗಿ ಊರಲ್ಲಿ ತೊಳೆದು ಒಣಗಿಸಿ ಗುಜರಿಗೆ ಕೊಡುವ ಹಾಲಿನ ಕವರಿನಂಥದ್ದು, ಚಿಪ್ಸ್ ಪೊಟ್ಟಣ, ಬ್ರೆಡ್ ಕವರು ಯಾವುದೂ ನೀಲಿಗೆ ಬೇಡ. ಹಗ್ಗ, ವೈರು, ಹಳೇ ಬಟ್ಟೆ, ತಂತಿಯ ಹ್ಯಾಂಗರ್, ನೀರಿನ ಪೈಪು ಸಹ ಹೀಗೇ ಸುತ್ತಿಕೊಳ್ಳುವಂಥವು. ಬಾಟಲಿಗಳನ್ನೆಲ್ಲ ಒಂದು ಕವರಿನಲ್ಲಿ ತುಂಬಿ ಗಂಟು ಕಟ್ಟಿ ಹಾಕುವುದೂ ಬೇಡ. ಕಟ್ಟಿದ ಗಂಟನ್ನು ಬಿಚ್ಚಿ ನೋಡಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ, ಒಳಗೇನಿದೆ ಅಂತ ತಿಳಿಯದ್ದು ನೇರ ಕಸಕ್ಕೇ ಹೋಗುತ್ತದೆ. ಎಲ್ಲವನ್ನೂ ಬಿಡಿಬಿಡಿಯಾಗಿ ಸುರಿಯಬೇಕು.

ಬಾಟಲಿಯನ್ನು ತುಳಿದು ಚಪ್ಪಟೆ ಮಾಡಬೇಡಿ, ಅದು ಕಾಗದದ ಜೊತೆ ಸೇರಿಹೋಗುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಿ ಚಪ್ಪಟೆ ಮಾಡಲೇಬೇಕು. ಅದರ ಮೇಲಿನ ಟೇಪು ಇದ್ದರೂ ನಡೆಯುತ್ತದೆ. ಬಾಟಲಿಯ ಮುಚ್ಚಳವನ್ನು ಬಾಟಲಿಗೇ ತಿರುಗಿಸಿಡಿ; ಬಿಡಿಯಾಗಿ ಹಾಕಿದರೆ ಗಾಜಿನ ಚೂರಿನ ಜೊತೆ ಬಿದ್ದು ಹೋಗುತ್ತದೆ. ಬಾಟಲಿಗೆ ಅಂಟಿಕೊಂಡೇ ಹೋದರೆ ಮುಂದೆ ಅದನ್ನು ಪುಡಿ ಮಾಡಿ ನೀರಿಗೆ ಹಾಕಿದಾಗ ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ, ಬಾಟಲಿಯದು ಮುಳುಗುತ್ತದೆ, ಬೇರೆ ಮಾಡುವುದು ಸುಲಭ. ತಗಡಿನ ಡಬ್ಬದ ಹರಿತವಾದ ಮುಚ್ಚಳವನ್ನು ಒಳಗೆ ಹಾಕಿ ಬಾಯಿ ಸ್ವಲ್ಪ ಅಮುಕಿ. ಅಲ್ಯೂಮಿನಿಯಂ ಹಾಳೆ ಸ್ವಚ್ಛವಾಗಿದ್ದರೆ ಕೂಡಿಟ್ಟು ಮುಷ್ಟಿಗಾತ್ರದ ಉಂಡೆ ಮಾಡಿ.

ತೊಳೆಯುವುದಕ್ಕೆ ಸೋಪು, ಬಿಸಿನೀರು ಬೇಕಿಲ್ಲ. ಪಾತ್ರೆ ತೊಳೆದ ನೀರನ್ನೇ ಒಂದಿಷ್ಟು ಹಾಕಿ ಕುಲುಕಿ ಚೆಲ್ಲಿ, ಬೋರಲು ಇಟ್ಟು ಆರಿಸಿದರೆ ಸಾಕು. ಉಳಿದ ಮೊಸರು, ಜಾಮು, ಎಣ್ಣೆ ಹರಿದರೆ ಕೆಡುವುದು ಆ ಡಬ್ಬ ಒಂದೇ ಅಲ್ಲ, ಪಕ್ಕದ ಕಾಗದವೂ ಕೆಡುತ್ತದೆ. ಕಾಗದವನ್ನು ನೀರಿನಲ್ಲಿ ಕದಡಿ ಮತ್ತೆ ಕಾಗದ ಮಾಡುವಾಗ ಜಿಡ್ಡು ನಾರಿನಿಂದ ಬಿಡುವುದೇ ಇಲ್ಲ. ಪಿಜ್ಜಾ ಪೆಟ್ಟಿಗೆಯಲ್ಲಿ ಎಣ್ಣೆ ಹಿಡಿದ ತಳವನ್ನು ಹರಿದು ಹಸಿರಿಗೆ, ಸ್ವಚ್ಛವಾದ ಮೇಲ್ಭಾಗವನ್ನು ನೀಲಿಗೆ ಹಾಕಿ.

ಪ್ಲಾಸ್ಟಿಕ್ಕಿನ ಮೇಲಿನ ತ್ರಿಕೋನದ ಬಾಣಗಳನ್ನು ನಂಬಬೇಡಿ. ಅದರೊಳಗಿನ 1ರಿಂದ 7ರವರೆಗಿನ ಅಂಕಿ ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಅಷ್ಟೇ. 1 ಮತ್ತು 2ರ ಬಾಟಲಿಗಳಿಗೆ ಒಳ್ಳೆಯ ಬೇಡಿಕೆಯಿದೆ, 5ರ ಮೊಸರಿನ ಡಬ್ಬಗಳನ್ನು ಬಹಳ ಕಡೆ ತೆಗೆದುಕೊಳ್ಳುತ್ತಾರೆ. ಥರ್ಮೋಕೋಲ್ 6, ಅದು ಕಪ್ಪಿಗೆ. ಹೋಟೆಲಿನಿಂದ ಊಟ ಬರುವ ಕಪ್ಪು ಬಣ್ಣದ ತಟ್ಟೆಗಳು ಎಷ್ಟು ಸ್ವಚ್ಛವಾಗಿದ್ದರೂ ನೀಲಿಗೆ ಬೇಡ. ಆ ಕರಿ ಬಣ್ಣ ಅವಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಯಂತ್ರಕ್ಕೆ ಅವು ಕಾಣುವುದೇ ಇಲ್ಲ. ಗಾಜಿನಲ್ಲಿ ಬಾಟಲಿ ಮತ್ತು ಜಾಡಿ ಮಾತ್ರ. ಕುಡಿಯುವ ಲೋಟ, ಓವನ್ ಪಾತ್ರೆ, ಪಿಂಗಾಣಿ ಕರಗುವ ಉಷ್ಣತೆಯೇ ಬೇರೆ. ಅಂಗಡಿಯ ಬಿಲ್ಲು, ಮಾತ್ರೆಯ ಪಟ್ಟಿ, ಒಳಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ ಲಕೋಟೆ ಕಪ್ಪಿಗೆ. ನೀಲಿಗೆ ಏನು ಸಲ್ಲುತ್ತದೆ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ, ಬೇರೆ ಊರಿನ ನೆಂಟರು ಹೇಳಿದ್ದನ್ನು ನಂಬುವ ಬದಲು ನಮ್ಮ ಡಬ್ಬಿಯ ಮುಚ್ಚಳದ ಮೇಲಿನ ಚಿತ್ರ ನೋಡಿ. ಆಗಲೂ ಅನುಮಾನ ಬಂದರೆ ಕಪ್ಪಿಗೆ ಹಾಕಿ.

ಅಪ್ಪ, ನೀರು, ಸೋಡಾ, ಜ್ಯೂಸಿನ ಬಾಟಲಿ, ಕ್ಯಾನುಗಳಲ್ಲಿ ಲೇಬಲ್ಲಿನ ಮೇಲೆ ಸಿಆರ್‌ವಿ (CRV, ಅಂದರೆ ಖಾಲಿಯಾದದ್ದನ್ನು ಕೊಟ್ಟರೆ ವಾಪಸು ಸಿಗುವ ಠೇವಣಿ) ಅಂತಿದ್ದರೆ ಬೇರೆ ಚೀಲದಲ್ಲಿ ಕೂಡಿಡಿ. ಕೊಳ್ಳುವಾಗಲೇ ಠೇವಣಿ ಕಟ್ಟಿರುತ್ತೇವೆ. 24 ಔನ್ಸಿಗಿಂತ (ಸುಮಾರು 710 ಮಿಲಿಲೀಟರ್) ಚಿಕ್ಕದಕ್ಕೆ 5 ಸೆಂಟ್, ಅದಕ್ಕೆ ಸಮ ಅಥವಾ ದೊಡ್ಡದಕ್ಕೆ 10 ಸೆಂಟ್ ವಾಪಸು ಸಿಗುತ್ತದೆ. ಅವನ್ನು ವಾಪಸು ತೆಗೆದುಕೊಳ್ಳುವ ಕೇಂದ್ರಕ್ಕೆ ನಾನು ಒಯ್ಯುತ್ತೇನೆ.

ಡಬ್ಬಿಗಳನ್ನು ಕಸದ ಲಾರಿ ಬರುವ ದಿನದ ಹಿಂದಿನ ಸಂಜೆಯೇ ರಸ್ತೆಯಂಚಿಗೆ ಉರುಳಿಸಿಡಬಹುದು. ಚಕ್ರ ಮನೆಯ ಕಡೆಗೆ, ಮುಚ್ಚಳ ತೆರೆಯುವ ಬದಿ ರಸ್ತೆಗೆ. ಡಬ್ಬಿಗಳ ನಡುವೆ 3 ಅಡಿ ಜಾಗ ಬಿಡಿ, ಲಾರಿಯ ಕಬ್ಬಿಣದ ತೋಳು ಅಪ್ಪಿ ಹಿಡಿದು ಎತ್ತಬೇಕು. ಮುಚ್ಚಳ ಪೂರ್ತಿ ಮುಚ್ಚದಿದ್ದರೆ ಎತ್ತುವಾಗ ಅರ್ಧ ಬೀದಿಗೆ ಚೆಲ್ಲುತ್ತದೆ. ನೀಲಿಯಲ್ಲಿ ಬೇರೆ ಕಸ ಕಂಡರೆ ಲಾರಿಯವರು ಚೀಟಿ ಅಂಟಿಸಿ, ಡಬ್ಬಿಯನ್ನು ಮುಟ್ಟದೆ ಹೋಗುವುದುಂಟು.

ಬ್ಯಾಟರಿ, ಹಳೇ ಫೋನು, ಚಾರ್ಜರ್ ಮೂರು ಡಬ್ಬಿಗಳಲ್ಲಿ ಯಾವುದಕ್ಕೂ ಬೇಡ. ಲಿಥಿಯಂ ಬ್ಯಾಟರಿ ಲಾರಿಯೊಳಗೆ ಜಜ್ಜಿದರೆ ಬೆಂಕಿ ಹತ್ತುತ್ತದೆ, ಸುತ್ತಲೂ ಇರುವುದು ಒಣ ಕಾಗದ. ಅವುಗಳ ತುದಿಗೆ ಟೇಪು ಸುತ್ತಿ ಗ್ಯಾರೇಜಿನ ಬಕೆಟ್ಟಿನಲ್ಲಿ ಹಾಕಿಡಿ.

ಅಪ್ಪ, ನಿಮ್ಮ ಇನ್ಸುಲಿನ್ ಸೂಜಿಗಳೂ ಹಾಗೆಯೇ. 2008ರ ಸೆಪ್ಟೆಂಬರಿನಿಂದ ಈ ರಾಜ್ಯದಲ್ಲಿ ಮನೆಯ ಸೂಜಿಯನ್ನು ಯಾವ ಕಸದ ಡಬ್ಬಿಗೂ ಹಾಕುವಂತಿಲ್ಲ. ಬೆಲ್ಟಿನ ಬಳಿ ಬರಿಗಣ್ಣಲ್ಲಿ ನೋಡಿ ಹೆಕ್ಕುವವರ ಕೈಗೆ ಅದು ಚುಚ್ಚುತ್ತದೆ. ಚುಚ್ಚಿದರೂ ಹೊರಬಾರದಂಥ ಗಟ್ಟಿ ಕೆಂಪು ಡಬ್ಬ ತಂದು ನಿಮ್ಮ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗದೆ ನೇರ ಅದರೊಳಗೆ ಬಿಡಿ. ಮುಕ್ಕಾಲು ತುಂಬಿದಾಗ ಹೇಳಿ, ಅದನ್ನು ತೆಗೆದುಕೊಳ್ಳುವ ಕಡೆಗೆ ನಾನೇ ತಲುಪಿಸುತ್ತೇನೆ.

ನಿಮ್ಮ ಪ್ರೀತಿಯ ಮಗಳು