ಕಳ್ಳತನ ಅಂತ ಬರೆದೆಯಲ್ಲ

ಪ್ರೀತಿಯ ಪುಟ್ಟಾ,

ಯೇಸುಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನನ್ನ ಮಂಡಿ ನೋವೂ ನಿನಗೆ ಹೊಸದಲ್ಲ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಖುಷಿಯಿಂದ ಓದಿದೆ. ಕೊನೆಗೆ ಕಾಗದ ಮಡಚಿದ ಕಡೆ, ಯಾರಿಗೂ ಕಾಣದಿರಲಿ ಅನ್ನುವ ಹಾಗೆ ಚಿಕ್ಕ ಅಕ್ಷರದಲ್ಲಿ, ನೀನು ಸೇವೆ ಅಂತ ಹೋಗಿ ನೋಡಿಕೊಂಡು ಬರುವ ಆ ಅಜ್ಜಿಯ ಬಗ್ಗೆ ಬರೆದಿದ್ದೀ: "ಆ ಅಜ್ಜಿ ನನ್ನ ಕೈ ಹಿಡ್ಕೊಂಡು, ದೇವರೇ ನಿನ್ನ ಕಳಿಸಿದ್ದು ಅಂತಾರೆ ದೊಡ್ಡಮ್ಮ. ದೇವರು ಇದ್ದಾನೋ ಇಲ್ವೋ ಅಂತಲೇ ನನಗೀಗ ಗೊತ್ತಾಗ್ತಿಲ್ಲ. ಆ ಮಾತು ತಗೊಂಡು ಬರೋದು ಕಳ್ಳತನ ಅನ್ಸುತ್ತೆ."

ಕಳ್ಳತನ. ಈ ಹತ್ತು ದಿನವೂ ಆ ಪದ ನನ್ನ ಬೆನ್ನು ಬಿಟ್ಟಿಲ್ಲ. ಜಪಸರ ಹಿಡಿದು ಕೂತರೆ ಮಣಿ ಎಲ್ಲಿಗೆ ಬಂತು ಅನ್ನುವುದೇ ಮರೆತುಹೋಗುತ್ತದೆ. ಮೊದಲು ಬರೆದ ಉತ್ತರವನ್ನು ಹರಿದು ಹಾಕಿದೆ. ಪ್ರಾರ್ಥನೆ ಮಾಡು, ಪೂಜೆ ತಪ್ಪಿಸಬೇಡ, ಪಾಪನಿವೇದನೆಗೆ ಹೋಗು, ಬರೀ ಇದೇ ಇತ್ತು ಅದರಲ್ಲಿ. ಓದಿದರೆ ನನಗೇ ಬೇಜಾರಾಯಿತು.

ನಿನಗೆ ವಿಶ್ವಾಸ ಬತ್ತಿದೆ ಅನ್ನುವುದು ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ, ನಿಜ ಹೇಳುತ್ತೇನೆ. ನೀನು ಆ ಅಜ್ಜಿಯ ಹತ್ತಿರ ಹೋಗುವುದನ್ನು ಬಿಟ್ಟುಬಿಡುತ್ತೀಯೇನೋ ಅಂತ ಹೆದರಿದೆ. ಅದೂ ಪ್ರಾಮಾಣಿಕತೆಯ ಹೆಸರಿನಲ್ಲಿ. ನಾನು ಹಾಗೇ ಬಿಟ್ಟಿದ್ದೆ. ಆ ಕತೆ ಆಮೇಲೆ ಹೇಳುತ್ತೇನೆ, ಈಗಲೇ ಕೈ ಬರುತ್ತಿಲ್ಲ.

ಸಂತ ವಿನ್ಸೆಂಟ್ ದಿ ಪೌಲರ ಚಿತ್ರ ನೋಡಿದ್ದೀಯಲ್ಲ, ತೋಳಿನಲ್ಲಿ ಮಗು ಎತ್ತಿಕೊಂಡಿರುವುದು. ಅವರೂ ಮೂರು ನಾಲ್ಕು ವರ್ಷ ವಿಶ್ವಾಸದ ಕತ್ತಲಲ್ಲಿ ಒದ್ದಾಡಿದ್ದರು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ಆಗ ಅವರು "ದೇವರನ್ನು ವಿಶ್ವಾಸಿಸುತ್ತೇನೆ" ಅಂತ ಹೇಳುವ ವಿಶ್ವಾಸ ಪ್ರಮಾಣವನ್ನು ಒಂದು ಕಾಗದದಲ್ಲಿ ಬರೆದು, ಅಂಗಿಯೊಳಗೆ ಎದೆಯ ಹತ್ತಿರ ಇಟ್ಟುಕೊಂಡರಂತೆ. "ವಿಶ್ವಾಸಿಸುತ್ತೇನೆ" ಅಂತ ಬಾಯಲ್ಲಿ ಹೇಳಲು ಆಗದೇ ಹೋದಾಗ ಆ ಕಾಗದದ ಮೇಲೆ ಕೈ ಇಡುತ್ತಿದ್ದರು. ಮುಟ್ಟಿದರೆ ಹೇಳಿದ ಹಾಗೆ ಅಂತ ದೇವರ ಜೊತೆ ಒಂದು ಒಪ್ಪಂದ. ಆ ಕತ್ತಲಿನಲ್ಲೇ ರೋಗಿಗಳನ್ನು ನೋಡಿಕೊಳ್ಳಲು ಹೋಗುತ್ತಿದ್ದರು. ಅವರೂ ಕಳ್ಳರಾ, ಹೇಳು?

ಬದುಕಿಡೀ ಬಡವರಿಗೆ ಅಂತ ತೀರ್ಮಾನ ಮಾಡಿದ ಮೇಲೆ ಆ ಕತ್ತಲು ಹೋಯಿತಂತೆ. ಪ್ರವಚನಗಳಲ್ಲಿ ಇದನ್ನೇ ಜೋರಾಗಿ ಹೇಳುತ್ತಾರೆ. ನನಗೆ ಅದು ಅಷ್ಟು ಸೇರುವುದಿಲ್ಲ. ಬಡವರ ಸೇವೆ ಮಾಡಿದರೆ ವಿಶ್ವಾಸ ವಾಪಸ್ ಸಿಗುತ್ತದೆ ಅನ್ನುವುದು ವ್ಯಾಪಾರದ ಮಾತಾಗುತ್ತದೆ. ಆ ಅಜ್ಜಿ ನಿನ್ನ ಕಾಯಿಲೆಗೆ ಔಷಧಿಯಲ್ಲ, ಪುಟ್ಟಾ. ಅವರಿಗೆ ಅವರದೇ ಬೆನ್ನು ನೋವಿದೆ, ಅವರದೇ ರಾತ್ರಿಗಳಿವೆ.

ಮದರ್ ತೆರೇಸಾರಿಗೆ ವಾಪಸ್ ಸಿಗಲೇ ಇಲ್ಲವಲ್ಲ. 1946ರಲ್ಲಿ ರೈಲಿನಲ್ಲಿ ಹೋಗುವಾಗ ಅವರಿಗೆ ಕರೆ ಬಂತು, 1950ರಲ್ಲಿ ಅವರ ಸಿಸ್ಟರ್‌ಗಳ ಸಭೆ ಶುರುವಾಯಿತು. ಆಮೇಲಿಂದ 1997ರಲ್ಲಿ ತೀರಿಕೊಳ್ಳುವ ತನಕ, ನಡುವೆ ಒಂದಿಷ್ಟು ದಿನ ಬಿಟ್ಟರೆ, ಒಳಗೆಲ್ಲ ಕತ್ತಲೇ. ತಮ್ಮ ಗುರುಗಳಿಗೆ ಮಾತ್ರ ಅದನ್ನು ಪತ್ರದಲ್ಲಿ ಬರೆಯುತ್ತಿದ್ದರು. ಆ ಪತ್ರಗಳನ್ನು ನಾಶ ಮಾಡಿ ಅಂತಲೂ ಕೇಳಿಕೊಂಡಿದ್ದರು. ಆದರೂ ಅವು ಉಳಿದವು, 2007ರಲ್ಲಿ ಪುಸ್ತಕವಾಗಿ ಹೊರಗೆ ಬಂದವು. ಆಗ ನನಗೆ ಸಿಟ್ಟು ಬಂದಿತ್ತು. ಬೇಡ ಅಂದ ಮುದುಕಿಯ ಕಾಗದವನ್ನು ಊರಿಗೆಲ್ಲ ಓದಿಸುವುದಾ ಅಂತ. ಆದರೆ ಅದೇ ರಾತ್ರಿ ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ಎರಡೂ ನಿಜ.

ಅವರ ಕೈಯಲ್ಲಿ ಪ್ರಾಣ ಬಿಟ್ಟವರು ಎಷ್ಟೋ ಜನ. ಅವರಲ್ಲೂ ಯಾರೋ ಒಬ್ಬರು "ದೇವರೇ ನಿಮ್ಮನ್ನು ಕಳಿಸಿದ್ದು" ಅಂದಿರುತ್ತಾರೆ. ಆ ಹೊತ್ತಿನಲ್ಲಿ ಮದರ್ ಒಳಗೆ ಏನಿತ್ತು ಅಂತ ನಮಗೀಗ ಗೊತ್ತು. ಕೈ ಬಿಡಿಸಿಕೊಂಡು ಎದ್ದು ಹೋದವರಲ್ಲ ಅವರು.

ಇರಲಿ. ಸಂತರ ಕತೆ ಹೇಳಿ ನಿನ್ನ ಬಾಯಿ ಮುಚ್ಚಿಸುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸು. ದೊಡ್ಡವರು ಮಾಡುವುದೇ ಅದು. ನನ್ನ ಕತೆಗೇ ಬರುತ್ತೇನೆ. ಇದು ನಿನ್ನಮ್ಮನಿಗೂ ಗೊತ್ತಿಲ್ಲ, ಹೇಳಬೇಡ.

ನಿನ್ನ ದೊಡ್ಡಪ್ಪ ತೀರಿಕೊಂಡ ವರ್ಷ ಅದು. ಆ ವಿಷಯ ಬಿಡು. ನಮ್ಮ ಧರ್ಮಕೇಂದ್ರದ ಗುಂಪಿನಲ್ಲಿ ಆಗ ಮನೆ ಭೇಟಿಗೆ ಹೋಗುತ್ತಿದ್ದೆವು. ಇಬ್ಬಿಬ್ಬರು ಹೋಗಬೇಕು, ಅದು ನಿಯಮ. ನನ್ನ ಜೊತೆಯವರು ಮಗಳ ಬಾಣಂತನ ಅಂತ ಹೋದರು, ನಾನು ಒಬ್ಬಳೇ ಹೋಗುತ್ತಿದ್ದೆ. ಗುರುವಾರ ಗುರುವಾರ ಒಬ್ಬ ತಾತನ ಮನೆ. ದರ್ಜಿ ಕೆಲಸ ಮಾಡಿ ಮಾಡಿ ಅವರ ಬೆರಳೆಲ್ಲ ಸೊಟ್ಟಗಾಗಿದ್ದವು. ಕೈ ನಡುಗುತ್ತಿತ್ತು, ತಮ್ಮ ಉಗುರು ತಾವೇ ಕತ್ತರಿಸಿಕೊಳ್ಳಲು ಆಗುತ್ತಿರಲಿಲ್ಲ. ಅವರು ನಮ್ಮ ಧರ್ಮದವರಲ್ಲ. ನಾನು ಹೋಗಿ ಉಗುರು ಕತ್ತರಿಸಿ, ಸ್ವಲ್ಪ ಹೊತ್ತು ಮಾತಾಡಿ, ಹೊರಡುವಾಗ "ದೇವರು ನಿಮ್ಮ ಜೊತೆ ಇದ್ದಾನೆ ತಾತಾ" ಅಂತ ಹೇಳಿ ಬರುತ್ತಿದ್ದೆ. ಅಷ್ಟೇ ಕೆಲಸ.

ದೊಡ್ಡಪ್ಪ ಹೋದ ಮೇಲೆ ಆ ಕೊನೆಯ ಮಾತು ಬಾಯಿಂದ ಬರದಾಯಿತು. ಇದ್ದಾನಾ? ಎಲ್ಲಿ? ಇಲ್ಲದ ಮಾತು ಹೇಳುವುದು ಸುಳ್ಳು ಅನ್ನಿಸಿತು. ಒಳಗೆ ಸರಿಯಾಗಲಿ, ಆಮೇಲೆ ಹೋಗುತ್ತೇನೆ ಅಂದುಕೊಂಡು ನಿಲ್ಲಿಸಿದೆ. ಕೇಳಲು ಎಷ್ಟು ಚೆನ್ನಾಗಿದೆ ನೋಡು. ಸತ್ಯವಂತೆ.

ಆದರೆ ಗುಂಪಿನವರ ಮುಂದೆ ನಾಚಿಕೆ. ಭೇಟಿ ಮಾಡಿದ್ದನ್ನು ಬರೆಯುವ ಪುಸ್ತಕ ಒಂದಿತ್ತು. ಅದರಲ್ಲಿ ಬರೆದೆ: "ಭೇಟಿ ಮಾಡಿದೆ. ಚೆನ್ನಾಗಿದ್ದಾರೆ." ಐದು ಗುರುವಾರ ಹೀಗೆ ಬರೆದೆ. ಐದು ಸಲವೂ ಒಂದೇ ಪೆನ್ನು, ದುಂಡಗಿನ ಅಕ್ಷರ. ಭೇಟಿ ಮಾಡಿದೆ ಅನ್ನುವುದು ಸುಳ್ಳು, ಅದು ಹೋಗಲಿ. ಚೆನ್ನಾಗಿದ್ದಾರೆ ಅಂತ ಯಾವ ಬಾಯಲ್ಲಿ ಬರೆದೆ? ಅವರು ಹೇಗಿದ್ದರು ಅಂತ ನನಗೇನು ಗೊತ್ತಿತ್ತು?

ಕಳ್ಳತನ ಅಂದರೆ ಇದು. ನನಗೆ ಚೆನ್ನಾಗಿ ಗೊತ್ತಿರುವ ಪದ, ಅದಕ್ಕೇ ನಿನ್ನ ಪತ್ರದಲ್ಲಿ ಕಂಡಾಗ ಅಷ್ಟು ಚುಚ್ಚಿತು. ನೀನು ಹೋಗುತ್ತೀ, ಕೂರುತ್ತೀ, ಕೈ ಹಿಡಿಸಿಕೊಳ್ಳುತ್ತೀ, ಖಾಲಿ ಮನಸ್ಸಿನಲ್ಲಿ ವಾಪಸ್ ಬರುತ್ತೀ. ಅದಕ್ಕೆ ಏನು ಹೆಸರೋ ಗೊತ್ತಿಲ್ಲ, ಆದರೆ ಈ ಹೆಸರಲ್ಲ.

ಆರನೆಯ ವಾರ ಚೀಲದಲ್ಲಿ ಏನೋ ಹುಡುಕುವಾಗ ನೇಲ್ ಕಟರ್ ಕೈಗೆ ಸಿಕ್ಕಿತು. ಬೇರೆ ಯಾವ ಕಾರಣವೂ ಇಲ್ಲ, ಎದ್ದು ಹೋದೆ. ಬಾಗಿಲು ತೆಗೆದೇ ಇತ್ತು. ತಾತ ನನ್ನನ್ನು ನೋಡಿ ಎರಡೂ ಕೈ ಮುಂದೆ ಚಾಚಿದರು. ಉಗುರು ಬೆಳೆದು ಬಾಗಿದ್ದವು. ಹೆಬ್ಬೆರಳಿನದು ಮುರಿದು, ಹಲ್ಲಿನಲ್ಲಿ ಕಚ್ಚಿ ಗಾಯ ಮಾಡಿಕೊಂಡಿದ್ದರು. "ನಿಮಗೆ ಹುಷಾರಿರಲಿಲ್ವಾ ತಾಯಿ?" ಅಂದರು. ನಾನು ತಲೆ ಎತ್ತಲಿಲ್ಲ. "ನೀವು ಬರ್ಲಿಲ್ಲ ಅಂತ ನಿಮ್ಮ ದೇವರಿಗೇ ಹೇಳ್ಕೊಂಡೆ. ನನಗೆ ಅವನ ಹೆಸರು ಸರಿಯಾಗಿ ಬರಲ್ಲ. ಆ ತಾಯಿನ ಕಾಪಾಡಪ್ಪ ಅಂದೆ, ವಾರ ವಾರನೂ."

ನಾನು ಪ್ರಾರ್ಥನೆ ಬಿಟ್ಟಿದ್ದ ಐದು ವಾರ ನನ್ನ ದೇವರನ್ನು ಮಾತಾಡಿಸಿದವರು ಅವರು.

ಆಗ ಬೆಳಕು ಬಂತು, ಮನಸ್ಸು ಹಗುರಾಯಿತು ಅಂತೆಲ್ಲ ಬರೆಯಲಾ? ಏನೂ ಬರಲಿಲ್ಲ. ಹತ್ತು ಉಗುರು ಕತ್ತರಿಸಿದೆ, ಗಾಯಕ್ಕೆ ಬಟ್ಟೆ ಕಟ್ಟಿದೆ, ಮನೆಗೆ ಬಂದೆ. ಆದರೆ ಮುಂದಿನ ಗುರುವಾರ ಹೋಗಬೇಕು ಅನ್ನಿಸಿತು. ಭರವಸೆ ಅಂತ ಪ್ರವಚನದಲ್ಲಿ ದೊಡ್ಡದಾಗಿ ಹೇಳುತ್ತಾರಲ್ಲ, ನನ್ನ ಪಾಲಿಗೆ ಬಂದಿದ್ದು ಇಷ್ಟೇ, ಒಂದು ಗುರುವಾರ. ವಿಶ್ವಾಸ ಆಮೇಲೆ ಯಾವಾಗಲೋ ಬಂತು, ಯಾವ ದಿನ ಅಂತ ಗೊತ್ತೇ ಆಗಲಿಲ್ಲ. ಈಗಲೂ ಕೆಲವು ಬೆಳಿಗ್ಗೆ ಇರುವುದಿಲ್ಲ.

ಪುಸ್ತಕದಲ್ಲಿ ಬರೆದ ಸುಳ್ಳನ್ನು ತಾತನಿಗೆ ಹೇಳಲಿಲ್ಲ. ಪಾಪನಿವೇದನೆಯಲ್ಲಿ ಹೇಳಿದೆ, ಕ್ಷಮೆಯೂ ಆಯಿತು. ತಾತನಿಗೆ ಹೇಳಬೇಕಿತ್ತು. ನಾಳೆ ಹೇಳೋಣ ಅನ್ನುತ್ತಲೇ ಅವರು ಹೋಗಿಬಿಟ್ಟರು. ಆ ಐದು ಸಾಲು ಇನ್ನೂ ಆ ಪುಸ್ತಕದಲ್ಲಿ ಹಾಗೇ ಇರಬೇಕು.

ನಿನ್ನ ಅಜ್ಜಿಯ ಮಾತಿಗೆ ವಾಪಸ್ ಬರುತ್ತೇನೆ. "ದೇವರೇ ಕಳಿಸಿದ್ದು" ಅಂದದ್ದು ಅವರು. ಅದು ಅವರ ವಿಶ್ವಾಸ. ನಿನ್ನ ವಿಶ್ವಾಸಕ್ಕೆ ಅವರು ಸರ್ಟಿಫಿಕೇಟ್ ಕೊಡುತ್ತಿಲ್ಲ. ನೀನು "ಅಲ್ಲ ಅಜ್ಜಿ, ನನಗೆ ಡೌಟು" ಅನ್ನಬೇಕಾಗಿಲ್ಲ, "ಹೌದು" ಅಂತಲೂ ಅನ್ನಬೇಕಾಗಿಲ್ಲ. ಸುಮ್ನೆ ಕೈ ಹಿಡಿಸಿಕೊಂಡು ಕೂತಿರು.

ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ನಿನಗೆ ಬಾಯಿಪಾಠ. ಅದನ್ನೇ ಇನ್ನೊಂದು ಸಲ ನಿಧಾನವಾಗಿ ಓದು. ಹಸಿದಿದ್ದೆ ಊಟ ಕೊಟ್ಟಿರಿ ಅಂತ ಅರಸ ಹೇಳಿದಾಗ ಆ ಸಜ್ಜನರು ಏನು ಕೇಳುತ್ತಾರೆ? ಪ್ರಭು, ನಿಮ್ಮನ್ನು ನಾವು ಯಾವಾಗ ನೋಡಿದೆವು ಅಂತ. ಅವರಿಗೂ ಗುರುತು ಸಿಕ್ಕಿರಲಿಲ್ಲ, ಪುಟ್ಟಾ! ಊಟ ಬಡಿಸುವಾಗ, ಬಟ್ಟೆ ಕೊಡುವಾಗ, ಸೆರೆಮನೆಗೆ ಹೋಗುವಾಗ, ಒಂದು ಸಲವೂ ಅವರಿಗೆ ದೇವರು ಕಂಡಿರಲಿಲ್ಲ. ಅರವತ್ತು ವರ್ಷ ಆ ಅಧ್ಯಾಯ ಕೇಳಿದ್ದೇನೆ. ಈ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು ತಾತ ಹೋದ ಮೇಲೆ.

ಈಗ ಬುದ್ಧಿವಾದ ಹೇಳಬೇಕು ಅಲ್ವಾ, ಪತ್ರ ಶುರು ಮಾಡಿದ್ದೇ ಅದಕ್ಕೆ. ಹೆಚ್ಚೇನೂ ಇಲ್ಲ. ಒಬ್ಬನೇ ಹೋಗಬೇಡ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಗೆಳೆಯರನ್ನು ಕಟ್ಟಿಕೊಂಡು, ಆಮೇಲೆ ವಿನ್ಸೆಂಟರ ಹೆಸರು ಪಡೆದ ಸೇವಾ ಸಂಘವನ್ನು ಶುರು ಮಾಡಿದ ದಿನ ಅವರಿಗೆ ಸರಿಯಾಗಿ 20 ತುಂಬಿತ್ತು, ಹೆಚ್ಚು ಕಡಿಮೆ ನಿನ್ನದೇ ವಯಸ್ಸು. ಶಾಲೆಯ ದಿನಗಳಲ್ಲಿ ಅವರನ್ನೂ ಈ ಸಂಶಯ ಹಿಂಡಿತ್ತು. ನಿಮ್ಮ ಧರ್ಮಸಭೆ ಬಡವರಿಗೆ ಈಗ ಏನು ಮಾಡುತ್ತಿದೆ ಅಂತ ವಾದಕ್ಕೆ ಬಂದವರು ಕೇಳಿದಾಗ ಅವರು ಉತ್ತರ ಬರೆಯುತ್ತಾ ಕೂರಲಿಲ್ಲ, ಸೌದೆ ಹೊತ್ತುಕೊಂಡು ಒಂದು ಬಡವರ ಮನೆಗೆ ಹೋದರು. ಯಾರ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಅಂತ ಹೇಳಿಕೊಡಲು ಸಿಸ್ಟರ್ ರೊಸಾಲಿ ಅಂತ ಅನುಭವಸ್ಥರೊಬ್ಬರಿದ್ದರು. ನಿನಗೂ ಅಂಥ ಒಬ್ಬರು ಬೇಕು. ನಾನು ಒಬ್ಬಳೇ ಹೋಗುತ್ತಿದ್ದದ್ದೇ ಕೆಟ್ಟದ್ದಾಯಿತು. ಜೊತೆಗೆ ಯಾರಾದರೂ ಇದ್ದಿದ್ದರೆ ಆ ಪುಸ್ತಕದಲ್ಲಿ ಹಾಗೆ ಬರೆಯಲು ಆಗುತ್ತಿರಲಿಲ್ಲ.

ಗುರುಗಳ ಹತ್ತಿರ ಇದನ್ನು ಹೇಳು. ಪಾಪ ಅಂತ ಹೇಳಬೇಡ, ವಿಷಯ ಅಂತ ಹೇಳು. ನಿದ್ದೆ ಸರಿಯಾಗಿ ಆಗುತ್ತಿದೆಯಾ? ಬರೀ ದಣಿವನ್ನೂ ನಾವು ಕೆಲವೊಮ್ಮೆ ದೊಡ್ಡ ಹೆಸರಿನಿಂದ ಕರೆಯುತ್ತೇವೆ. ಅಜ್ಜಿಯ ಮನೆಯಲ್ಲಿ ಖುಷಿಯೂ ಇಲ್ಲ, ಎಲ್ಲೂ ಯಾವುದರಲ್ಲೂ ಖುಷಿಯಿಲ್ಲ ಅಂತಾದರೆ ಡಾಕ್ಟರಿಗೆ ತೋರಿಸು, ಅದರಲ್ಲಿ ನಾಚಿಕೆಯೇನಿಲ್ಲ. ದೊಡ್ಡಮ್ಮನಿಗೆ ಇದೆಲ್ಲ ಏನು ಗೊತ್ತು ಅನ್ನಬೇಡ.

ಪ್ರಾರ್ಥನೆ ಬಾರದಿದ್ದರೆ ಬಿಡು, ಬಲವಂತ ಬೇಡ. ಅಜ್ಜಿಗೆ ಹೇಳು, ನನಗೋಸ್ಕರ ನೀವೇ ಒಂದು ಮಾತು ದೇವರಿಗೆ ಹೇಳಿ ಅಜ್ಜಿ ಅಂತ. ಅದರಲ್ಲಿ ಸುಳ್ಳೇನಿದೆ? ಅವರಿಗೂ ಕೊಡಲು ಏನೋ ಒಂದು ಇದ್ದ ಹಾಗಾಗುತ್ತದೆ. ನಾವು ಯಾವಾಗಲೂ ಕೊಡುವ ಕೈ ಆಗಿಯೇ ಕೂತಿರುತ್ತೇವೆ, ಅದೂ ಸರಿಯಲ್ಲ.

ಇನ್ನೊಂದು ಸಲ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಈ ವಾರ ಹೋಗುತ್ತೀಯಲ್ಲ? ಒಳಗೆ ಸರಿಯಾದ ಮೇಲೆ ಹೋಗುತ್ತೇನೆ ಅಂತ ಮಾತ್ರ ಬರೆಯಬೇಡ.

ಇದರ ಜೊತೆ ಒಂದು ನೇಲ್ ಕಟರ್ ಇಟ್ಟಿದ್ದೇನೆ. ಹಳೆಯದು, ಸ್ವಲ್ಪ ಬಿಗಿ. ಅಜ್ಜಿಯ ಕೈ ಹಿಡಿಸಿಕೊಳ್ಳುವಾಗ ಅವರ ಉಗುರು ನೋಡಿದ್ದೀಯಾ? ಗಟ್ಟಿಯಾಗಿದ್ದರೆ ಮೊದಲು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸು. ಮೂಲೆ ತೀರಾ ಒಳಗೆ ಕತ್ತರಿಸಬೇಡ, ವಯಸ್ಸಾದವರಿಗೆ ಗಾಯ ಬೇಗ ಮಾಯುವುದಿಲ್ಲ. ಹೆಬ್ಬೆರಳು ಕೊನೆಗೆ ಮಾಡು.

ನಿನ್ನ
ದೊಡ್ಡಮ್ಮ