ಕಣ್ಣಿಗೆ ಕಂಡ ಆಟ, ಕೈಗೆ ಬಂದ ಆಟ

ಸರಸ್ವತಿಪುರಂ, ಮೈಸೂರು

ಚಿರಂಜೀವಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಮಂಡ್ಯದಿಂದ ನೀನು ಬರೆದ ಉದ್ದನೆಯ ಪತ್ರ ತಲುಪಿತು. ವರ್ಷಗಟ್ಟಲೆ ಕಾದಿದ್ದ ಗೇಮ್ ಕೊನೆಗೂ ಬಂದಿತೆಂದೂ, ಹಬ್ಬಗಳಲ್ಲಿ ಹಿರಿಯರು ಕೊಟ್ಟ ಹಣವನ್ನೆಲ್ಲ ಕೂಡಿಟ್ಟು ಪ್ರೀ-ಆರ್ಡರ್ ಮಾಡಿದ್ದೆಯೆಂದೂ, ಎಂದರೆ ಬಿಡುಗಡೆಗೆ ಮೊದಲೇ ಹಣ ಕಟ್ಟಿ ಕಾಯ್ದಿರಿಸಿದ್ದೆಯೆಂದೂ, ಆಡಲು ಕುಳಿತರೆ ಟ್ರೇಲರ್‌ನಲ್ಲಿ ಕಂಡದ್ದರ ಅರ್ಧವೂ ಅದರಲ್ಲಿ ಇಲ್ಲವೆಂದೂ ಬರೆದಿದ್ದೀಯೆ. ಅದೊಂದು ಆಟ ತಾನೆ, ಬಿಟ್ಟುಹಾಕು ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದು ನಿನ್ನನ್ನು ಇನ್ನಷ್ಟು ನೋಯಿಸಿದೆ. ನಾನು ಹಾಗೆ ಹೇಳುವುದಿಲ್ಲ. ಆಸೆಪಟ್ಟು ಕಾದು ಪಡೆದದ್ದು ಹುಸಿಯಾದಾಗ ಆಗುವ ನಿರಾಸೆ ನಿಜವಾದದ್ದೇ. ಆದರೆ ಪತ್ರದ ಕೊನೆಯಲ್ಲಿ, ಗೇಮ್ ಮಾಡುವವರೆಲ್ಲ ಮೋಸಗಾರರು ಎಂದು ನೀನು ಬರೆದ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಸಾಫ್ಟ್‌ವೇರ್ ಪರೀಕ್ಷಿಸುವುದನ್ನೇ ಕಸುಬಾಗಿಸಿಕೊಂಡವಳು, ನೀನು ಹುಟ್ಟುವ ಮೊದಲಿನಿಂದಲೂ ಗೇಮ್ ಆಡುತ್ತ ಬಂದವಳು ನಾನು. ಈ ವಿಷಯದಲ್ಲಿ ನನಗೆ ತಿಳಿದಿರುವುದನ್ನು ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದು.

ಟ್ರೇಲರ್ ಕಣ್ಣಿಗೆ ಸೇರಿದ್ದು; ಗೇಮ್‌ಪ್ಲೇ, ಎಂದರೆ ಆಟವನ್ನು ನಿಜವಾಗಿ ಆಡುವ ಅನುಭವ, ಕೈಗೆ ಸೇರಿದ್ದು. ನೀನು ದಿನವೂ ಮಾಡುವ ಜಿಗಿತವನ್ನೇ ತೆಗೆದುಕೋ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ಜಿಗಿತ ಎತ್ತರವಾಗುತ್ತದೆ, ಬೇಗ ಬಿಟ್ಟರೆ ಗಿಡ್ಡವಾಗುತ್ತದೆ. 2018ರಲ್ಲಿ ಬಂದ ಸೆಲೆಸ್ಟ್‌ನಲ್ಲಿ ಪಾತ್ರವು ಬಂಡೆಯ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಕೆಲವು ಫ್ರೇಮ್‌ಗಳ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳ) ಕಾಲ ಜಿಗಿಯಲು ಅವಕಾಶವಿದೆ. ನೆಲ ಮುಟ್ಟುವ ತುಸು ಮೊದಲೇ ಗುಂಡಿ ಒತ್ತಿಬಿಟ್ಟರೂ ಆಟವು ಅದನ್ನು ನೆನಪಿಟ್ಟುಕೊಂಡು, ಕಾಲು ನೆಲಕ್ಕೆ ತಾಗಿದ ಕೂಡಲೇ ಜಿಗಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 17 ಮಿಲಿಸೆಕೆಂಡ್. ಇಷ್ಟು ಸಣ್ಣ ಅವಧಿಯಲ್ಲಿ ತೋರಿಸಿದ ಔದಾರ್ಯ ಪಕ್ಕದಲ್ಲಿ ಕುಳಿತು ನೋಡುವವನ ಗಮನಕ್ಕೇ ಬರುವುದಿಲ್ಲ. ಆಡುವವನಿಗೆ ಮಾತ್ರ ಈ ಆಟ ತನ್ನ ಮಾತು ಕೇಳುತ್ತದೆ ಅನ್ನಿಸುತ್ತದೆ. ದಸರಾ ಕುಸ್ತಿಯನ್ನು ದೂರದಲ್ಲಿ ಕುಳಿತು ನೋಡುವವನಿಗೆ ಪಟ್ಟಿನ ಚೆಂದ ಕಾಣುತ್ತದೆಯೇ ಹೊರತು, ಮಟ್ಟಿಗಿಳಿದು ಎದುರಾಳಿಯ ತೋಳು ಹಿಡಿದವನಿಗೆ ತಿಳಿಯುವ ಭಾರ ತಿಳಿಯುವುದಿಲ್ಲ. ನಿನ್ನ ಗೇಮ್‌ನಲ್ಲಿ ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಕತ್ತಿ ಏಳುತ್ತದೆ ಎಂದು ದೂರಿದ್ದೀಯಲ್ಲ, ಅದೇ ಕತ್ತಿ ಟ್ರೇಲರ್‌ನಲ್ಲಿ ಮಿಂಚಿನಂತೆ ಕಂಡದ್ದಕ್ಕೆ ಕಾರಣ ಸರಳವಾಗಿದೆ: ಆಗ ಗುಂಡಿ ಒತ್ತಿದವನು ನೀನಲ್ಲ.

ಬಿಡುಗಡೆಗೆ ಎರಡು ಮೂರು ವರ್ಷ ಮೊದಲು ಗೇಮ್‌ಪ್ಲೇ ಎಂದು ತೋರಿಸುವ ತುಣುಕುಗಳು ಹೇಗೆ ತಯಾರಾಗುತ್ತವೆ ಎಂಬುದನ್ನೂ ನೀನು ತಿಳಿದಿರಬೇಕು. ಬಹಳ ಸಲ ಆ ಹೊತ್ತಿಗೆ ಆಟವೇ ಪೂರ್ತಿಯಾಗಿರುವುದಿಲ್ಲ. ಒಂದು ಬೀದಿ, ಒಂದು ಕಾಳಗ, ನಾಲ್ಕು ಮಾತು, ಇಷ್ಟನ್ನೇ ಆರಿಸಿಕೊಂಡು ತಿಂಗಳುಗಟ್ಟಲೆ ತಿದ್ದಿ ತೀಡಿ, ಬಲವಾದ ಕಂಪ್ಯೂಟರ್‌ನಲ್ಲಿ ಪಳಗಿದ ಕೈಯಿಂದ ಆಡಿಸಿ ತೋರಿಸುತ್ತಾರೆ. ಕಸುಬಿನವರು ಇದನ್ನು ವರ್ಟಿಕಲ್ ಸ್ಲೈಸ್ ಎನ್ನುತ್ತಾರೆ. ಕೆಲವೊಮ್ಮೆ ಅಷ್ಟೂ ಇರುವುದಿಲ್ಲ. 2005ರಲ್ಲಿ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಕಿಲ್‌ಜೋನ್ 2 ಆಟವೆಂದು ತೋರಿಸಿದ್ದು ಮೊದಲೇ ರೆಂಡರ್ ಮಾಡಿದ, ಎಂದರೆ ಆಡಿದ್ದಲ್ಲದೆ ಮುಂಚೆಯೇ ಚಿತ್ರಿಸಿಟ್ಟ, ವಿಡಿಯೋ. ಆಟ ಅಂಗಡಿಗೆ ಬಂದದ್ದು 2009ರಲ್ಲಿ. 2012ರಲ್ಲಿ ವಾಚ್ ಡಾಗ್ಸ್‌ನ ಬೀದಿಗಳ ಬೆಳಕು, ಗಾಳಿ, ಹೊಗೆಯನ್ನು ಕಂಡು ಬೆರಗಾದವರು 2014ರಲ್ಲಿ ಅದನ್ನು ಕೈಗೆತ್ತಿಕೊಂಡಾಗ ಮಂಕಾದ ಚಿತ್ರ ಕಂಡು ಬೇಸರಪಟ್ಟರು.

ಇವೆಲ್ಲವೂ ಮೋಸವೇ ಎಂದು ನೀನು ಕೇಳಬಹುದು. ಮೋಸವಲ್ಲದ ಬದಲಾವಣೆ, ಮುಚ್ಚಿಡುವಿಕೆ ಎರಡೂ ಒಂದೇ ಆಟದಲ್ಲಿ ಕಾಣಸಿಗುವ ಉದಾಹರಣೆ ಹೇಳುತ್ತೇನೆ. ಸೈಬರ್‌ಪಂಕ್ 2077ರ 48 ನಿಮಿಷಗಳ ಗೇಮ್‌ಪ್ಲೇಯನ್ನು 2018ರಲ್ಲಿ ಸಾರ್ವಜನಿಕರಿಗೆ ತೋರಿಸಿದಾಗ, ಇದು ಇನ್ನೂ ಕೆಲಸ ನಡೆಯುತ್ತಿರುವ ಆಟ ಎಂಬ ಸೂಚನೆ ಪರದೆಯ ಮೇಲೆಯೇ ಇತ್ತು. ಅದರಲ್ಲಿದ್ದ ಗೋಡೆಯ ಮೇಲೆ ಓಡುವ ಸಾಮರ್ಥ್ಯವನ್ನು ಮುಂದೆ ಕೈಬಿಟ್ಟರು, ಕೈಬಿಟ್ಟಿದ್ದೇವೆಂದು ಬಿಡುಗಡೆಗೆ ಮೊದಲೇ ತಿಳಿಸಿದರು. ಇದನ್ನು ನಾನು ಮೋಸವೆನ್ನಲಾರೆ. ನನ್ನ ಕೆಲಸದಲ್ಲಿಯೂ ಮಾಡಿ ಮುಗಿಸಿದ ಭಾಗವೊಂದು ಉಳಿದವುಗಳ ಜೊತೆ ಹೊಂದದೆ ಕೊನೆಯಲ್ಲಿ ತೆಗೆದುಹಾಕಿಸಿಕೊಂಡದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ 2020ರ ಡಿಸೆಂಬರ್ 10ರಂದು ಆಟ ಹೊರಬರುವ ಮೊದಲು ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಆಟ ಎಷ್ಟು ಕೆಟ್ಟದಾಗಿ ಓಡುತ್ತದೆಂಬುದು ಹಣ ಕೊಟ್ಟವರಿಗೆ ಗೊತ್ತಾದದ್ದು ಆಮೇಲೆ. ಪ್ಲೇಸ್ಟೇಷನ್ ತಯಾರಿಸುವ ಸೋನಿಯು ಆ ತಿಂಗಳಲ್ಲೇ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ಹಣ ಮರಳಿಸಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಮುಚ್ಚಿಟ್ಟದ್ದಕ್ಕೆ ಸಿಟ್ಟಾಗುವುದು ನ್ಯಾಯ, ಬದಲಾದದ್ದಕ್ಕೆ ಬೇಸರಪಡುವುದು ಸಹಜ. ನಿನ್ನ ಪತ್ರದಲ್ಲಿ ಇವೆರಡೂ ಕಲಸಿಹೋಗಿವೆ. ನಿನ್ನ ಗೇಮ್‌ನ ತಯಾರಕರು ಎಲ್ಲಿಯೂ ಹೇಳದಿದ್ದ ಒಂದು ಸಂಗತಿಯನ್ನೂ, ಎಂದರೆ ಕೋಟೆಯ ಒಳಗೆಲ್ಲ ಬೇಕಾದ ಹಾಗೆ ಸುತ್ತಾಡಬಹುದೆಂಬುದನ್ನೂ, ನೀನು ಟ್ರೇಲರ್‌ನ ಒಂದು ಕ್ಷಣದ ನೋಟದಿಂದ ಊಹಿಸಿಕೊಂಡು, ಅವರು ಕೊಡದೆ ಬಾಕಿ ಉಳಿಸಿದ್ದರ ಪಟ್ಟಿಗೆ ಸೇರಿಸಿದ್ದೀಯೆ. ಅದನ್ನು ಪಟ್ಟಿಯಿಂದ ತೆಗೆದುಹಾಕು. ಉಳಿದ ದೂರುಗಳಿಗೆ ಆಗ ಬಲ ಬರುತ್ತದೆ.

ನೋ ಮ್ಯಾನ್ಸ್ ಸ್ಕೈ ಆಟ ಕ್ರಮೇಣ ಸರಿಹೋಯಿತಲ್ಲ, ಇದೂ ಹಾಗೆಯೇ ಆಗಬಹುದೇ ಎಂದು ಕೇಳಿದ್ದೀಯೆ. 2016ರ ಆಗಸ್ಟ್‌ನಲ್ಲಿ ಅದು ಬಂದಾಗ, ಲೆಕ್ಕಕ್ಕೆ ಸಿಗದಷ್ಟು ಗ್ರಹಗಳಿದ್ದರೂ ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತ ಇಬ್ಬರು ಆಟಗಾರರು ಒಬ್ಬರನ್ನೊಬ್ಬರು ನೋಡಲಾಗಲಿಲ್ಲ. ಕೂಡಿ ಆಡುವ ಪೂರ್ಣ ವ್ಯವಸ್ಥೆ ಬಂದದ್ದು 2018ರ ನೆಕ್ಸ್ಟ್ ಎಂಬ ಅಪ್‌ಡೇಟ್‌ನಲ್ಲಿ. ಆ ಚಿಕ್ಕ ತಂಡ ಹಿಂದೆ ಸರಿಯದೆ, ಹೆಚ್ಚಿನ ಹಣ ಕೇಳದೆ ವರ್ಷಗಳ ಕಾಲ ಆಟವನ್ನು ಬೆಳೆಸಿದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಆದರೂ 2016ರಲ್ಲಿ ಪೂರ್ತಿ ಬೆಲೆ ತೆತ್ತವನು 2018ರ ಆಟಕ್ಕೆ ಮುಂಗಡ ಕೊಟ್ಟಂತಾಯಿತು. ಮುಂದೆಂದೋ ಸರಿಪಡಿಸುತ್ತಾರೆಂಬ ನಂಬಿಕೆಯ ಮೇಲೆ ಇಂದು ಹಣ ಕೊಡಬೇಡ. ಇಂದು ಇರುವ ಆಟಕ್ಕೆ ಬೆಲೆ ಕಟ್ಟು.

ಈ ನೋ ಮ್ಯಾನ್ಸ್ ಸ್ಕೈ ಆಟದ ಬಿಡುಗಡೆಯನ್ನು ಜೂನ್‌ನಿಂದ ಆಗಸ್ಟ್‌ಗೆ ಮುಂದೂಡಿದ್ದಕ್ಕೆ ಅದರ ನಿರ್ಮಾತೃವಿಗೆ ಕೊಲೆ ಬೆದರಿಕೆಗಳು ಬಂದಿದ್ದವು. ನಿನ್ನ ಗೆಳೆಯರ ಗುಂಪಿನಲ್ಲಿ ನೀವು ಹುಡುಗರು ಬರೆಯುತ್ತಿರುವ ಬೈಗುಳಗಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಮುಟ್ಟಲೂ ಬಾರದು. ಬಿಡುಗಡೆಯ ದಿನಾಂಕ ನಿಗದಿಪಡಿಸುವವರೇ ಬೇರೆ, ರಾತ್ರಿಯೆಲ್ಲ ಕುಳಿತು ಕತ್ತಿಯ ಚಲನೆಯನ್ನು ಸರಿಪಡಿಸುವವರೇ ಬೇರೆ. ನಿನ್ನ ಬೈಗುಳ ತಾಗುವುದು ಎರಡನೆಯವರಿಗೆ. ಈ ಮಾತನ್ನು ನಾನು ಕಟುವಾಗಿಯೇ ಹೇಳುತ್ತಿದ್ದೇನೆ.

ಮುಂದಿನ ಸಲಕ್ಕೆ ಪ್ರೀ-ಆರ್ಡರ್ ಬೇಡ. ಡೌನ್‌ಲೋಡ್ ಮಾಡುವ ಸರಕು ಖಾಲಿಯಾಗಿಬಿಡುತ್ತದೆಂಬ ಭಯವಿಲ್ಲ. ಬಿಡುಗಡೆಯಾದ ಮೇಲೆ, ನಿನ್ನಲ್ಲಿರುವಂಥದೇ ಯಂತ್ರದಲ್ಲಿ ಯಾರಾದರೂ ಕತ್ತರಿಸದೆ ಆಡಿ ತೋರಿಸಿದ ವಿಡಿಯೋ ನೋಡು. ಡೆಮೊ (ಆಡಿ ನೋಡಲೆಂದು ಕೊಡುವ ಆಟದ ತುಣುಕು) ಇದ್ದರೆ ಅದನ್ನೇ ಆಡು. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಪಡೆಯಬಹುದು. ಆ 2 ಗಂಟೆಗಳನ್ನು ಪಾತ್ರದ ಮೂಗು, ಕೂದಲು ತಿದ್ದುವುದರಲ್ಲಿ ಕಳೆಯದೆ ಮೊದಲು ಕಾಳಗಕ್ಕೆ ಇಳಿ. ನೀನು ಈಗ ಆ ಮಿತಿಯನ್ನು ದಾಟಿದ್ದೀಯೆ. ಆದರೂ ಕಾರಣ ಬರೆದು ಅರ್ಜಿ ಹಾಕಲು ಅಡ್ಡಿಯಿಲ್ಲ, ಅವರು ಪರಿಶೀಲಿಸುತ್ತಾರೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಕಂಪ್ಯೂಟರನ್ನು ಹಜಾರದ ದೊಡ್ಡ ಟಿವಿಗೆ ಜೋಡಿಸಿ ಆಡುತ್ತೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದರು. ಟಿವಿಗಳು ಚಿತ್ರವನ್ನು ನಯಗೊಳಿಸಲು ಹೊತ್ತು ತೆಗೆದುಕೊಳ್ಳುತ್ತವೆ; ಆ ವಿಳಂಬವೂ ನಿನ್ನ ಕತ್ತಿಗೇ ಅಂಟಿಕೊಳ್ಳುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕು, ಕಂಟ್ರೋಲರನ್ನು ತಂತಿಯಿಂದ ಜೋಡಿಸು, ಅದೇ ಕಾಳಗವನ್ನು ಮತ್ತೊಮ್ಮೆ ಆಡು. ಆಗಲೂ ಕತ್ತಿ ತಡವಾಗಿಯೇ ಎದ್ದರೆ, ಯಾವ ಯಂತ್ರ, ಸೆಕೆಂಡಿಗೆ ಎಷ್ಟು ಫ್ರೇಮ್, ಯಾವ ಕಾಳಗ ಎಂಬುದನ್ನೆಲ್ಲ ನಮೂದಿಸಿ ತಯಾರಕರಿಗೆ ಬರೆ. ಕಳುಹಿಸುವ ಮೊದಲು ಕರಡನ್ನು ನನಗೆ ತೋರಿಸು. ದೋಷದ ವರದಿ ಬರೆಯುವುದು ನನ್ನ ದಿನನಿತ್ಯದ ಕೆಲಸ, ತಿದ್ದಿಕೊಡುತ್ತೇನೆ.

ಇಂತಿ ನಿನ್ನ,
ಸೋದರತ್ತೆ